ಹೊಸದೋ ಹಳೆಯದೋ ನೋಡುವ ಕೆಲಸ

ಪಣಕ್ಕಿದ್ದದ್ದು ಒಂದು ಸರ್ಕಾರಿ ಕುರ್ಚಿ. ತಿಂಗಳಿಗೆ ಎಂಬತ್ತು ಸಾವಿರದ ಮೇಲೆ ಸಂಬಳ, ಅರವತ್ತು ತುಂಬುವ ತನಕ ಯಾರೂ ಏಳು ಎನ್ನುವಂತಿಲ್ಲ. ಅದಕ್ಕೆ ಪ್ರತಿಯಾಗಿ ದಾಕ್ಷಾಯಣಿ ಇಟ್ಟದ್ದು ನಾಲ್ಕು ವರ್ಷ, ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುವ ಕೆಲಸ, ಮತ್ತು ಕಾದು ಕಾದು ಬೇರೆ ಕಡೆ ಹೋದ ಒಂದು ಗಂಡಿನ ಸಂಬಂಧ.

ವಯಸ್ಸಿನ ಮಿತಿ ಮೂವತ್ತೈದು. ಅರ್ಜಿ ಹಾಕಿದ ದಿನ ಅವಳಿಗೆ ಮೂವತ್ತೈದು ತುಂಬಲು ಇಪ್ಪತ್ತು ದಿನ ಬಾಕಿ ಇತ್ತು. ಇನ್ನೊಂದು ಸಲ ನೋಡೋಣ ಎನ್ನುವ ಮಾತೇ ಇಲ್ಲ.

ಹುದ್ದೆ ಪೇಟೆಂಟ್ ಪರೀಕ್ಷಕಿಯದು. ಹೊಸದೊಂದು ಕಂಡುಹಿಡಿದಿದ್ದೇನೆ, ಅದರ ಹಕ್ಕು ನನಗೇ ಬರೆದುಕೊಡಿ ಎಂದು ಬಂದವರ ಅರ್ಜಿ ಓದಬೇಕು. ಅದು ನಿಜಕ್ಕೂ ಹೊಸದೋ, ಮೊದಲೇ ಎಲ್ಲೋ ಯಾರೋ ಮಾಡಿಟ್ಟದ್ದೋ ಎಂದು ಹುಡುಕಿ ಬರೆಯಬೇಕು.

ಸಂದರ್ಶನ ಮುಗಿಸಿದವಳು ಮನೆಗೆ ಹೋಗಲಿಲ್ಲ. ಮನೆಯಲ್ಲಿ "ಏನಾತು?" ಎಂದು ಕೇಳುವವರು ಐದು ಮಂದಿ. ಬಸ್ಸು ಬದಲಿಸಿ ಮಲಪ್ರಭೆಯ ದಂಡೆಯ ಆಶ್ರಮಕ್ಕೆ ಬಂದಳು. ಅಲ್ಲಿ ಕೇಳುವವರು ಒಬ್ಬರೇ. ಕಾಲೇಜಿನ ದಿನಗಳಲ್ಲಿ ಅವಳಿಗೆ ದೀಕ್ಷೆ ಕೊಟ್ಟ ಗುರುಪಾದ ಅಜ್ಜಾರು.

ಅವರೂ ಅದನ್ನೇ ಕೇಳಿದರು.

"ಏನಾತವ್ವಾ?"

"ಮುಗೀತ್ರಿ ಅಜ್ಜಾರ."

"ಸಂದರ್ಶನ ಮುಗೀತೋ, ನೀ ಮುಗದೆಯೋ?"

"ಎರಡೂ."

ಅಜ್ಜಾರು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಮೊರವನ್ನು ಅವಳ ಮುಂದೆ ಸರಿಸಿದರು.

"ಹಸನ ಮಾಡಕೋತ ಹೇಳು."

ಅವಳು ಜೋಳದಲ್ಲಿ ಬೆರಳಾಡಿಸುತ್ತ ಹೇಳಿದಳು.

"ಐದು ಮಂದಿ ಕುಂತಿದ್ರಿ. ಟೇಬಲ್ ಮ್ಯಾಲೆ ಒಂದು ಊಟದ ಡಬ್ಬಿ ಇಟ್ರು. ಮುಚ್ಚಳದ ಒಳಗ ಚಮಚ ಸಿಗಿಸಿತ್ತು. 'ಇದನ್ನ ನಾನ ಕಂಡಹಿಡದೀನಿ ಅಂತ ಒಬ್ಬಾಂವ ಅರ್ಜಿ ಹಾಕ್ತಾನ, ನೀವೇನ್ ಮಾಡ್ತೀರಿ?' ಅಂದ್ರು. ಅಂಥಾ ಡಬ್ಬಿ ನಾ ಸಾಲಿಗೆ ಒಯ್ಯತಿದ್ದೆ. 'ತಿರಸ್ಕಾರ ಮಾಡ್ತೀನಿ' ಅಂದೆ. 'ನೀವಾ?' ಅಂದ್ರು. 'ಹೌದು ಸರ್, ನಾನೇ' ಅಂದೆ. ಪೆನ್ನಿನ ಟೊಪ್ಪಿಗಿ ಹಾಕಿಬಿಟ್ರು. ಹನ್ನೊಂದು ನಿಮಿಷಕ್ಕ ಹೊರಗ ಬಂದೆ."

"ಅದರಾಗ ತಪ್ಪೇನೈತಿ?"

"ಪರೀಕ್ಷಕರಿಗೆ ತಿರಸ್ಕಾರ ಮಾಡೋ ಅಧಿಕಾರನ ಇಲ್ರಿ. ನೋಡೂದು, ಹುಡುಕೂದು, ಇಂತಿಂಥ ಆಕ್ಷೇಪ ಅದಾವ ಅಂತ ಬರದು ಮ್ಯಾಲಿನವರಿಗೆ ಕಳಸೂದು. ಕೊಡೂದು ಬಿಡೂದು ಅವರ ಕೈಯಾಗ. ಅವರೂ ಅರ್ಜಿ ಹಾಕಿದವನ ಮಾತು ಕೇಳದ ಇಲ್ಲ ಅನ್ನಂಗಿಲ್ಲ. ಇದು ಮೊದಲನೇ ಪಾಠ. ನಾಕು ವರ್ಷ ಅದನ್ನ ಓದೀನಿ. ನೆನಪಾಗಿದ್ದು ಮೆಟ್ಟಲ ಇಳಿಯೂ ಮುಂದ."

"ಗೊತ್ತಿದ್ದದ್ದು ಬಾಯಿಗೆ ಬರಲಿಲ್ಲ."

"ಬರಲಿಲ್ರಿ."

"ಮತ್ತ ಬಾಯಿಗೆ ಬಂದದ್ದು ಯಾರದು?"

ದಾಕ್ಷಾಯಣಿಯ ಕೈ ಮೊರದ ಮೇಲೆ ನಿಂತಿತು.

"ಕಲ್ಲು ನೋಡು," ಅಂದರು ಅಜ್ಜಾರು. "ಜೋಳದಾಗ ಇನ್ನೂ ಉಳದಾವ."

ಎಂಟು ದಿನಕ್ಕೆಂದು ಬಂದವಳು ತಿಂಗಳುಗಟ್ಟಲೆ ಉಳಿದಳು.

ಆಶ್ರಮದಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಹೊಳೆಯ ಮೆಟ್ಟಿಲುಗಳ ಮೇಲೆ ಮಾತ್ರ. ಅದೂ ಮೇಲಿನಿಂದ ಆರನೆಯ ಮೆಟ್ಟಿಲಲ್ಲಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅಲ್ಲಿ ನಿಂತು ಇಲಾಖೆಯ ಜಾಲತಾಣ ತೆರೆಯುವಳು. ಫಲಿತಾಂಶ ಇನ್ನೂ ಪ್ರಕಟವಾಗಿಲ್ಲ. ಮೊದಲ ದಿನವೂ ಅದೇ ಸಾಲು, ಅರವತ್ತನೆಯ ದಿನವೂ ಅದೇ ಸಾಲು.

ಅದೇ ಮೆಟ್ಟಿಲ ಮೇಲೆ ಒಂದು ದಿನ ಅಣ್ಣನ ಫೋನು ಬಂತು.

"ಪಾಲಿಟೆಕ್ನಿಕ್ಕಿನವರು ನಿನ್ನ ಜಾಗಾಕ್ಕ ಬ್ಯಾರೆ ಹುಡುಗೀನ್ನ ತಗೊಂಡ್ರಂತ. ಕಾಯಂ ಮಾಡಿದ್ರಂತ."

"ಛಲೋ ಆತು ಬಿಡು ಅಣ್ಣಾ."

"ಛಲೋ ಏನ್ ಬಂತು? ತಿರುಗಿ ಹೋಗಾಕ ಇದ್ದ ಬಾಗಿಲಾನೂ ಮುಚ್ಚಿತು."

ಆ ಸಂಜೆ ಅವಳು ಅಜ್ಜಾರ ಎದುರು ಕೂತಳು.

"ಅಜ್ಜಾರ, ನಿಮಗ ಮುಂದಿಂದು ಗೊತ್ತಾಗತೈತಿ ಅಂತ ಮಂದಿ ಅಂತಾರ. ಒಂದು ಮಾತು ಹೇಳ್ರಿ. ಬರತೈತೋ ಇಲ್ಲೋ?"

"ಮಂದಿಗೇನು, ಅಂತಾರ. ಮುಂದಿಂದು ಗೊತ್ತಿದ್ರ ಆಶ್ರಮಕ್ಕ ಶೇಂಗಾ ಎಣ್ಣಿ ಹೋದ ತಿಂಗಳನ ತರಸ್ತಿದ್ದೆ. ಈ ತಿಂಗಳ ಡಬ್ಬಿಗೆ ಮುನ್ನೂರು ಏರೇತಿ."

ಅವಳಿಗೆ ನಗು ಬರಲಿಲ್ಲ.

ಅವಳು ಮೆಟ್ಟಿಲಿನಿಂದ ಮೇಲೆ ಬಂದಾಗಲೆಲ್ಲ ಅಜ್ಜಾರು "ಬಂತೇನು?" ಎನ್ನುತ್ತಿದ್ದರು. ಅವಳು "ಇಲ್ರಿ" ಎನ್ನುತ್ತಿದ್ದಳು. ಒಂದು ದಿನ ಅವರು ಕೇಳಲಿಲ್ಲ.

"ಇವತ್ತ್ಯಾಕ ಕೇಳಲಿಲ್ರಿ?"

"ಹೋಗೂ ಮುಂದ ಸೋತ ಮಾರಿ ಹೊತಗೊಂಡು ಹೋದಿ. ಬರೂ ಮುಂದ ಅದನ್ನ ಹೊತಗೊಂಡು ಬಂದಿ. ಕೇಳೂದೇನೈತಿ?"

"ಅದು ಬರೂದಿಲ್ರಿ ಅಜ್ಜಾರ. ನನಗ ಗೊತ್ತಾಗೇತಿ. ಆ ಒಂದ ಮಾತಿಗೆ ನನ್ನ ಹೆಸರು ಹೊಡದ ಹಾಕ್ಯಾರ."

"ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ."

"ಆರ್ಡರು ಕೈಗೆ ಬಂದೇತೇನು?"

"ಇಲ್ರಿ."

"ನಿನ್ನ ಕರದು ಮಾತು ಕೇಳ್ಯಾರೇನು?"

"ಇಲ್ಲ."

"ಅಂದ್ರ ಮತ್ತ ಅದ ಕೆಲಸ ಮಾಡೀದಿ. ನಿಂದಲ್ಲದ ಕುರ್ಚಿ ಮ್ಯಾಲೆ ಕುಂತು ತಿರಸ್ಕಾರ ಬರದೀದಿ. ಅಲ್ಲಿ ಹೋದದ್ದು ಒಂದು ಡಬ್ಬಿ. ಇಲ್ಲಿ ಹೊಂಟಿದ್ದು ನೀನು."

ಅವಳು ಅತ್ತಳು. ಅಜ್ಜಾರು ಸಮಾಧಾನ ಮಾಡಲಿಲ್ಲ. ಅವರಿಗೆ ಆ ರೂಢಿ ಇರಲಿಲ್ಲ. ಅಳು ನಿಂತ ಮೇಲೆ ಒಂದು ತಂಬಿಗೆ ನೀರು ಕೊಟ್ಟರು.

"ಮಾರಿ ತೊಳಕೋ. ರೊಟ್ಟಿ ಬಡಿಯೂ ಪಾಳಿ ಇವತ್ತ ನಿಂದ."

ಅವರ ಮಾತು ಅವಳಿಗೆ ತಿಳಿಯಿತು. ತಿಳಿದದ್ದರಿಂದ ಎದೆ ಹಗುರಾಗಲಿಲ್ಲ. ಮರುದಿನ ಬೆಳಿಗ್ಗೆ ಮತ್ತೆ ಆರನೆಯ ಮೆಟ್ಟಿಲಿಗೆ ಹೋಗಿ ನಿಂತಳು.

ಆ ವಾರ ಆಶ್ರಮದ ಗಾದಿಗಳನ್ನು ಬಿಚ್ಚಿ ಹೊಲಿಯಲು ಇಮಾಮಸಾಬ ನದಾಫ ಬಂದ. ಅರಳೆ ಹಿಂಜಿ ಗಾದಿ ತುಂಬುವುದು ಅವನ ಕಸುಬು. ಈಕೆ ಪೇಟೆಂಟಿನ ಪರೀಕ್ಷೆ ಬರೆದವಳು ಎಂದು ಅಡಿಗೆಮನೆಯಲ್ಲಿ ಯಾರೋ ಹೇಳಿದರು. ಸಂಜೆ ಕೆಲಸ ಮುಗಿಸಿದವನೇ ಬಟ್ಟೆಯಲ್ಲಿ ಸುತ್ತಿದ ಸೂಜಿಯೊಂದನ್ನು ತಂದು ಅವಳ ಮುಂದಿಟ್ಟ. ಗೇಣುದ್ದದ ಸೂಜಿ. ತುದಿಯಲ್ಲಿ ಸಣ್ಣ ಕೊಕ್ಕೆ.

"ಅಕ್ಕಾರ, ಇದಕ್ಕ ಸರ್ಕಾರದ ಕಾಗದ ಸಿಗತೈತೇನ್ರಿ?"

"ಏನಿದು ಕಾಕಾ?"

"ಗಾದಿ ಹೊಲಿಯಾಕ ಇಬ್ಬರು ಬೇಕ್ರಿ. ಈಚಿ ಕಡಿಂದ ನಾ ಸೂಜಿ ಚುಚ್ಚಿದ್ರ ಆಚಿ ಕಡಿಂದ ಒಬ್ಬರು ತಿರುಗಿಸಿ ಕೊಡಬೇಕು. ಇದಕ್ಕ ಹಂಗಿಲ್ಲ. ತಳದಾಗ ದಾರ ಹಾಸಿಟ್ರ ಈ ಕೊಕ್ಕಿ ತಾನ ಅದನ್ನ ಹಿಡದು ಮ್ಯಾಲೆ ಎಳಕೊಂಡು ಬರತೈತಿ. ನಾ ಒಬ್ಬನ ಹೊಲೀಬಹುದು. ಆಚಿ ಕಡೆ ನಮ್ಮಾಕಿ ಕುಂದರತಿದ್ಲು. ಹೋಗಿ ಆರು ವರ್ಷ ಆತ್ರಿ. ಅದಕ್ಕ ಮಾಡೀನಿ."

ದಾಕ್ಷಾಯಣಿ ಸೂಜಿಯನ್ನು ಮುಟ್ಟಲಿಲ್ಲ.

"ನಾ ಏನೂ ಹೇಳಂಗಿಲ್ರಿ ಕಾಕಾ. ನನಗ ಅಧಿಕಾರ ಇಲ್ಲ."

ನದಾಫ ಅಜ್ಜಾರ ಕಡೆ ನೋಡಿದ. ಅಜ್ಜಾರು ನಕ್ಕರು.

"ಅಲ್ಲಿ ಇಲ್ಲದ ಅಧಿಕಾರ ನಡಸಿ ಬಂದಿ. ಇಲ್ಲಿ ಇದ್ದ ಕಣ್ಣೂ ಮುಚ್ಚಕೊಂತಿ. ಅಂವ ನಿನಗ ಹುಕುಂ ಕೇಳಿಲ್ಲವ್ವಾ. ನೋಡು ಅಂತಾನ, ಅಷ್ಟ."

"ನೋಡಿದ ಮ್ಯಾಲೆ ಹಳೇದು ಅಂತ ಬಂದ್ರ?"

"ಬಂದ್ರ ಬರದು ಕೊಡು."

ಒಂಬತ್ತು ದಿನ ಹುಡುಕಿದಳು. ಆರನೆಯ ಮೆಟ್ಟಿಲ ಮೇಲೆ ಮೊದಲು ಇಲಾಖೆಯ ಪುಟ, ಆಮೇಲೆ ಹಳೆಯ ದಾಖಲೆಗಳು. ಬಿಸಿಲು ಏರಿದರೆ ತಲೆಗೆ ಸೆರಗು. ಒಂಬತ್ತನೆಯ ದಿನ ಸಿಕ್ಕಿತು. ನೂರು ವರ್ಷಕ್ಕೂ ಹಳೆಯ ಒಂದು ಚಿತ್ರ. ದೂರದ ದೇಶದ್ದು. ಚರ್ಮ ಹೊಲಿಯುವ ಸೂಜಿ. ಅದೇ ಕೊಕ್ಕೆ, ಅದೇ ಬಾಗು. ದಾರ ಜಾರದಂತೆ ಪಕ್ಕದಲ್ಲಿ ಕೊರೆದ ಸಣ್ಣ ಗೀರೂ ಅದೇ.

ಒಂದು ಹಾಳೆ ತೆಗೆದುಕೊಂಡು ಬರೆದಳು. ಇವರು ಮಾಡಿದ್ದು ಏನು, ಅಲ್ಲಿ ಸಿಕ್ಕದ್ದು ಏನು, ಎರಡಕ್ಕೂ ಎಲ್ಲಿ ವ್ಯತ್ಯಾಸ ಹುಡುಕಿದೆ, ಎಲ್ಲಿಯೂ ಯಾಕೆ ಸಿಗಲಿಲ್ಲ. ತಿರಸ್ಕಾರ ಎಂಬ ಪದವನ್ನು ಬರೆಯಲಿಲ್ಲ.

ನದಾಫ ಬಂದಾಗ ಅದನ್ನು ಓದಿ ಹೇಳಿದಳು. ಫೋನಿನಲ್ಲಿ ಚಿತ್ರ ತೋರಿಸಿದಳು. ಅವನು ಫೋನನ್ನು ಕಣ್ಣಿನಿಂದ ದೂರ ಹಿಡಿದು ನೋಡಿದ.

"ಇದನ್ನ ಮಾಡಿದಾಂವ ಯಾರ್ರಿ?"

"ಬೂಟು ಹೊಲಿಯಾಂವ ಇರಬೇಕು ಕಾಕಾ. ತೀರಿ ಹೋಗಿ ಭಾಳ ವರ್ಷ ಆಗಿರತೈತಿ."

"ಅವಂದೂ ಹೇಂತಿ ಸತ್ತಿದ್ಲೇನು?"

ದಾಕ್ಷಾಯಣಿ ಫೋನು ಇಸಿದುಕೊಂಡು ಚಿತ್ರದ ಕೆಳಗಿನ ಸಾಲುಗಳನ್ನು ಮತ್ತೆ ಓದಿದಳು.

"ಅದನ್ನ ಬರದಿಲ್ರಿ."

ನದಾಫ ಹಾಳೆ ಮಡಿಚಿ ಕಿಸೆಗಿಟ್ಟುಕೊಂಡ. ಸೂಜಿಯನ್ನು ಬಟ್ಟೆಯಲ್ಲಿ ಸುತ್ತಿದ. "ಬರ್ತೀನ್ರಿ ಅಕ್ಕಾರ" ಎಂದು ಹೊಳೆ ದಾಟಿ ಹೋದ. ತಿರುಗಿ ನೋಡಲಿಲ್ಲ.

"ಖರೇನ ಹೇಳಿದೆ," ಅಂದಳು ದಾಕ್ಷಾಯಣಿ. "ಅವನ ಕೈಗೆ ಏನೂ ಸಿಗಲಿಲ್ಲ. ಇದಕ್ಕೇನ್ರಿ ಅಜ್ಜಾರ, ನಾ ನಾಕು ವರ್ಷ ಓದಿದ್ದು?"

"ಆ ಕುರ್ಚಿ ಮ್ಯಾಲೆ ಕುಂತ್ರ ದಿನಕ್ಕ ಇಂಥವರು ಎಷ್ಟು ಮಂದಿ ಬರ್ತಾರ?"

"ಕಾಗದ ಅಷ್ಟ ಬರ್ತಾವ್ರಿ. ಮಂದಿ ಬರೂದಿಲ್ಲ."

"ಹಂಗಾರ ನಿನಗ ಒಬ್ಬಾಂವ ಹೆಚ್ಚಿಗಿ ಬಂದ."

ನೂರಾ ಹನ್ನೆರಡನೆಯ ದಿನ ಮಧ್ಯಾಹ್ನ ಜಾಲತಾಣದ ಆ ಸಾಲು ಬದಲಾಯಿತು.

ಮೂರು ಪುಟದ ಪಟ್ಟಿ. ಹೆಸರಿಲ್ಲ, ಬರೀ ನಂಬರು. ಅವಳ ನಂಬರಿಗಿಂತ ನಾಲ್ಕು ಕಡಿಮೆಯದು ಇತ್ತು. ಒಂಬತ್ತು ಹೆಚ್ಚಿನದು ಇತ್ತು. ಅವೆರಡರ ನಡುವೆ ಏನೂ ಇರಲಿಲ್ಲ. ಕೊನೆಯ ಪುಟದಲ್ಲಿ ಕಾಯುವವರ ಪಟ್ಟಿ ಬೇರೆ ಇತ್ತು. ಅಲ್ಲಿಯೂ ಇರಲಿಲ್ಲ.

ಅವಳು ಮೆಟ್ಟಿಲ ಮೇಲೆ ಕುಸಿದು ಕೂತಳು. ಅತ್ತಿದ್ದರೆ ಒಳ್ಳೆಯದಿತ್ತು. ಅಳು ಬರಲಿಲ್ಲ. ನಾಳೆ ಬೆಳಿಗ್ಗೆ ಎದ್ದು ಇಲ್ಲಿಗೆ ಬಂದು ಏನು ತೆರೆದು ನೋಡುವುದು ಎಂಬ ಒಂದೇ ಯೋಚನೆ ಸುತ್ತುತ್ತಿತ್ತು.

ಊಟದ ಗಂಟೆ ಹೊಡೆಯಿತು. ಅವಳು ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಅಜ್ಜಾರೇ ಕೋಲೂರಿಕೊಂಡು ಇಳಿದು ಬಂದರು. ಮಂಡಿ ಹಿಡಿದುಕೊಂಡು ಅವಳ ಪಕ್ಕದಲ್ಲಿ ಕೂತರು.

"ಬಂತೇನು?"

"ಬಂತ್ರಿ."

"ಪಟ್ಟಿಯೊಳಗ ಅದಿಯೇನು?"

"ಇಲ್ರಿ."

"ಇಲ್ಲ ಅಂತ ಬರದಾರೇನು?"

"ಇಲ್ಲದವರನ್ನ ಬರಿಯೂದಿಲ್ರಿ ಅಜ್ಜಾರ. ಇದ್ದವರ ನಂಬರ ಅಷ್ಟ."

"ಸರಿಯಾಗಿ ನೋಡಿದೆಯೋ?"

"ಏಳು ಸಲ ನೋಡಿದೆ."

"ಆ ಡಬ್ಬಿ ಮಾತಿಗೆ ಹೋತೇನು?"

"ಗೊತ್ತಿಲ್ರಿ. ಅದಕ್ಕ ಹೋತೋ, ಮತ್ತ್ಯಾತಕ್ಕರ ಹೋತೋ. ಯಾರೂ ಹೇಳೂದಿಲ್ಲ. ಇನ್ನ ಮುಂದನೂ ಹೇಳೂದಿಲ್ಲ."

ಅಜ್ಜಾರು ತಲೆಯಾಡಿಸಿದರು. ಹೊಳೆಯ ಆಚೆ ದಂಡೆಯಲ್ಲಿ ಯಾರೋ ಎಮ್ಮೆ ಮೈ ತೊಳೆಯುತ್ತಿದ್ದರು.

"ಏನರ ಹೇಳ್ರಿ ಅಜ್ಜಾರ. ಆಗಿದ್ದೆಲ್ಲಾ ಒಳ್ಳೇದಕ್ಕ ಅಂತರ ಹೇಳ್ರಿ."

"ಸುಳ್ಳು ಹೇಳಲೇನು?"

ಅವಳು ಫೋನನ್ನು ಮೆಟ್ಟಿಲ ಮೇಲೆ ಬೋರಲು ಇಟ್ಟಳು.

"ನಾಕು ವರ್ಷ ಹೋತು. ಇದ್ದ ಕೆಲಸ ಹೋತು. ವಯಸ್ಸೂ ಹೋತು. ಇಷ್ಟೆಲ್ಲಾ ಕೊಟ್ಟು ನನ್ನ ಕೈಗೆ ಬಂದದ್ದೇನ್ರಿ?"

ಎಮ್ಮೆ ನೀರಿನಿಂದ ಎದ್ದು ದಂಡೆ ಹತ್ತಿತು. ಆಮೇಲೆ ಅಜ್ಜಾರು ಅಂದರು:

"ಒಂದು ಪೂರಾ 'ಇಲ್ಲ' ಬಂತು. ನಿನ್ನೆತನಕ ನಿನ್ನ ಹತ್ರ ಅದೂ ಇರಲಿಲ್ಲ, ಬರೇ ಕಾಯೂದಿತ್ತು."