ಡಂಗುರದ ಗುಡದಯ್ಯ ಮರೆಯದ ಮಾತು

"ಕೇಳಿರಪ್ಪೋ ಕೇಳಿ! ದೊರೆ ಹಿರೇನಾಯಕರ ಅಪ್ಪಣೆ! ಸಿಡುಬಿಗೆ ಮದ್ದು ಬಂದಿದೆ, ತೋಳಿಗೊಂದು ಗೀರು ಹಾಕಿಸಿಕೊಂಡರೆ ಅಮ್ಮ ಮುಟ್ಟಳು. ಕೋಟೆಯೊಳಗಿನವರಿಗೆ ಹಾಕಿಯಾಯಿತು. ಇನ್ನು ಯಾರಿಗೆ ಅಂತ ದೊರೆಯ ಮೂರು ಒಗಟು ಬಿಡಿಸಿದವನು ಹೇಳಲಿ. ತಪ್ಪಿದವನ ತಲೆ ಉಳಿಯದು!"

ಸಾರಿದವನು ಡಂಗುರದ ಗುಡದಯ್ಯ. ಕೋಟೆಯ ಹೊರಗೆ ಅವನ ಕೇರಿಯಲ್ಲಿ ದಿನಕ್ಕೊಂದು ಬಾಗಿಲಿಗೆ ಬೇವಿನ ಸೊಪ್ಪು ಏರುತ್ತಿತ್ತು. ಬೇವು ಕಟ್ಟಿದರೆ ಒಳಗೆ ಅಮ್ಮ ಬಂದಿದ್ದಾಳೆ ಅಂತಲೇ. ಐದು ವರ್ಷದ ಮಗಳು ಸಣ್ಣೀರಿಗೆ ಇನ್ನೂ ಗೀರು ಬಿದ್ದಿರಲಿಲ್ಲ.

ಮೊದಲು ಸಾಹುಕಾರ ಸಂಕಪ್ಪ ಹೋದ. ದೊರೆ ಕೇಳಿದ: "ಗೋಡೆ ಎತ್ತರ, ಕಾವಲು ಎಚ್ಚರ. ಆದರೂ ವೈರಿ ಒಳಗೆ ಬಂದ. ಬಾಗಿಲು ತೆರೆದವರಾರು?"

"ದ್ರೋಹಿ, ಮಹಾಸ್ವಾಮಿ."

ತಲೆ ಉರುಳಿತು. ಪಂಡಿತ ತಿಮ್ಮಣ್ಣಯ್ಯ "ವಿಧಿ" ಅಂದ. ಅಯ್ಯೋ, ಎಲ್ಲ ವಿಧಿಯ ತಲೆಗೆ ಕಟ್ಟಿದರೆ ಯಾರ ತಲೆ ತಾನೇ ಉಳಿದೀತು! ಎರಡೂ ಸಾವನ್ನು ಸಾರಿದವನು ಗುಡದಯ್ಯನೇ.

ಮರುದಿನ ಅವನೇ ಹೊರಟ. ಹೆಂಡತಿ ಅಡ್ಡ ನಿಂತಳು. "ಹುಚ್ಚು ಹಿಡಿದೈತಾ ನಿಂಗೆ? ತಲೆ ಹೋದರೆ ನಾವೇನು ಮಾಡಾನ?"

"ತಲೆ ಕಾಯ್ಕೊಂಡು ಕೂತರೆ ಮಗಳು ಉಳೀತಾಳೇನೇ?"

ಅದೇ ಒಗಟಿಗೆ ಗುಡದಯ್ಯ ಹೇಳಿದ: "ಹೊರಗಿನ ಕೇರಿಗೆ ಮದ್ದು ಹಾಕದೆ ಬಿಟ್ಟವರೇ ತೆರೆದವರು, ಬುದ್ಧೀ. ಅರಮನೆಯ ಬಟ್ಟೆ ಒಗೆಯೋದು ನಮ್ಮ ಕೇರೀಲಿ. ಆ ಮೂಟೆಯ ಜೊತೆಗೇ ಅಮ್ಮ ಒಳಗೆ ಬಂದಳು."

ದೊರೆಯ ಮುಖ ಕಪ್ಪಿಟ್ಟಿತು. ಗೀರು ಹಾಕುವ ವಯಸ್ಸಾಗದ ಅವನ ಮೊಮ್ಮಗು ಹೋದ ವಾರವಷ್ಟೇ ಅಮ್ಮ ಬಂದು ಮಣ್ಣಾಗಿತ್ತು.

ದೊರೆ ಎರಡನೆಯದು ಕೇಳಿದ: "ಒಬ್ಬನೇ ಕೊಂಡರೆ ಅರ್ಧ, ಊರಿಗೆಲ್ಲ ಹಂಚಿದರೆ ಪೂರ್ತಿ. ಏನದು?"

"ಈ ಮದ್ದಿನ ಕಾವಲು. ಸುತ್ತಲಿನವರಿಗೆಲ್ಲ ಗೀರಿದ್ದರೆ ಗೀರಿಲ್ಲದ ಕೂಸೂ ಬದುಕುತ್ತದೆ. ಅದಕ್ಕೇ ಬೆಲೆ ಇಡಬಾರದು. ಬೆಲೆ ಇಟ್ಟರೆ ಬಡವ ಬಿಟ್ಟುಹೋಗುತ್ತಾನೆ."

"ದೊರೆ ಕೊಟ್ಟರೂ ದಾನವಲ್ಲ, ಬಡವ ಪಡೆದರೂ ಭಿಕ್ಷೆಯಲ್ಲ. ಏನದು?"

ಆ ನಾಡಿನಲ್ಲಿ ಡಂಗುರದವನು ಒಂದಕ್ಷರ ತಪ್ಪಿದರೂ ನಾಲಿಗೆ ಕೊಯ್ಯುವ ಕಟ್ಟಳೆ. ಸಾರಿದ್ದನ್ನು ಅವನು ಮರೆಯುವಂತಿಲ್ಲ.

"ಪಟ್ಟಕ್ಕೇರಿದ ದಿನ ತಾವು ಆಡಿದ ಮಾತನ್ನು ಸಾರಿದವನು ನಾನೇ: 'ಬೆಳೆಯ ಆರನೇ ಪಾಲು ನನಗೆ, ನಿಮ್ಮೆಲ್ಲರ ಜೀವದ ಕಾವಲು ನನ್ನದು.' ಬಾಗಿಲ ಶಾಸನದಲ್ಲೂ ಅದೇ ಇದೆಯಂತೆ, ನನಗೆ ಓದು ಬಾರದು. ಪಾಲು ತಪ್ಪದೆ ಮುಟ್ಟಿದೆ. ಕಾವಲು ನಮ್ಮ ಹಕ್ಕು, ಬುದ್ಧೀ."

ದೊರೆ ಅಂದ, "ಬೇಕಾದ್ದು ಕೇಳು. ಅರ್ಧ ರಾಜ್ಯವಾದರೂ ಕೊಟ್ಟೆ."

"ಮದ್ದು ಈಗಲೇ ಹೊರಡಲಿ, ಎಲ್ಲರಿಗೂ, ಬೆಲೆಯಿಲ್ಲದೆ. ಈ ಮಾತೂ ಕಲ್ಲಿಗೆ ಏರಲಿ."

ವೈದ್ಯರ ಮುಂದೆ ಡಂಗುರ ಬಾರಿಸುತ್ತ ಗುಡದಯ್ಯ ಕೇರಿಗೆ ಓಡಿದ. ತನ್ನ ಬಾಗಿಲಿಗೆ ಬೇವು ಏರಿತ್ತು. ಹೊಸ್ತಿಲಲ್ಲಿ ಕೂತ ಹೆಂಡತಿ ತಲೆಯೆತ್ತಿ ನೋಡಲಿಲ್ಲ.

ಪ್ರತಿ ಬಾಗಿಲಲ್ಲೂ ಸಾರಬೇಕೆಂಬುದು ನೇಮ. ತನ್ನ ಬಾಗಿಲಲ್ಲೂ ನಿಂತು, ಅಳುತ್ತಲೇ, ಒಂದಕ್ಷರ ಬಿಡದೆ ಸಾರಿದ. ಪಕ್ಕದ ಮನೆಯವರು ಮಕ್ಕಳನ್ನು ಎತ್ತಿಕೊಂಡು ಬಂದರು.

ಸಣ್ಣೀರಿ ಹೋದದ್ದು ಒಂಬತ್ತನೆಯ ದಿನ. ಆ ತಿಂಗಳು ಕಳೆದ ಮೇಲೆ ಆ ಕೇರಿಯಲ್ಲಿ ಇನ್ನೊಂದು ಬಾಗಿಲಿಗೆ ಬೇವು ಏರಲಿಲ್ಲ.