ಹೊಳೆಯಾಚೆಯ ಅಚ್ಚು

ಮಲ್ಲೋಜನೆಂಬ ದೋಣಿ ಬಡಗಿಗೆ ಹೊಟ್ಟೆಕಿಚ್ಚು. ಅಷ್ಟಿಷ್ಟಲ್ಲ, ಉಂಡ ಅನ್ನ ಮೈಗೆ ಹತ್ತದಷ್ಟು.

ಅವನದು ಮೂಡನಾಡು. ಹೊಳೆಯಾಚೆಗೆ ಪಡುನಾಡು. ಎರಡಕ್ಕೂ ಅದೇ ನೀರು, ಅದೇ ಕಾಡಿನ ಮರ. ಆದರೂ ಸರಕೆಲ್ಲ ಆಚೆಯವರ ದೋಣಿಯಲ್ಲೇ ಸಾಗುತ್ತಿತ್ತು. ಅಲ್ಲಿ ಹೆಂಚಿನ ಮನೆಗಳು ಏಳುತ್ತಿದ್ದವು, ಇಲ್ಲಿ ಹುಲ್ಲಿನ ಸೂರು ಸೋರುತ್ತಿತ್ತು.

ಅದು ಕಣ್ಣಿಗೆ ಬೀಳಬಾರದೆಂದು ಮಲ್ಲೋಜ ಹೊಳೆಗೆ ಬೆನ್ನು ಹಾಕಿ ಕೆಲಸಕ್ಕೆ ಕೂರುತ್ತಿದ್ದ. ಗಳಿಗೆಗೊಮ್ಮೆ ತಿರುಗಿ ನೋಡದೆ ಇರಲೂ ಆಗುತ್ತಿರಲಿಲ್ಲ ಪುಣ್ಯಾತ್ಮನಿಗೆ.

ಒಂದು ದಿನ ಹೊಳೆದಂಡೆಯ ಆಶ್ರಮಕ್ಕೆ ಬಂದ. ಚಿಕ್ಕಂದಿನಿಂದ ಅವನಿಗೆ ಬುದ್ಧಿ ಹೇಳಿದ ಗುರುಗಳು ಸೊಪ್ಪು ಬಿಡಿಸುತ್ತ ಕೂತಿದ್ದರು. ಅವರಿಗೆ ಅಡ್ಡಬಿದ್ದ.

"ಗುರುಗಳೇ, ಮಳೆಗಾಲ ಕಳೆದ ಮೇಲೆ ಕಡಲಾಚೆಯ ವರ್ತಕರು ಬರುತ್ತಾರಂತೆ. ಯಾವ ದಡದವರು ನಲವತ್ತು ಗಟ್ಟಿ ದೋಣಿ ತೋರಿಸುತ್ತಾರೋ ಅವರಿಗೇ ಇನ್ನು ಮುಂದೆ ವ್ಯಾಪಾರವಂತೆ. ನಾವು ಸೋತರೆ ಆಚೆಗೆ ಹೋಗಿ ಮೂಟೆ ಹೊರಬೇಕು, ಅಷ್ಟೇ."

"ನಿನಗೇನು ಬೇಕು?"

"ಅವರ ರೇವಿಗೆ ಬೆಂಕಿ ಬೀಳಬೇಕು."

"ಬಿದ್ದರೆ ನಿನ್ನ ದೋಣಿ ವಾಲುವುದು ನಿಲ್ಲುತ್ತದೆಯೇ?"

ಮಲ್ಲೋಜನ ದೋಣಿ ಭಾರ ಹೇರಿದರೆ ಒಂದು ಪಕ್ಕಕ್ಕೆ ವಾಲುವುದು ಊರಿಗೇ ಗೊತ್ತಿತ್ತು.

"ಅವರದ್ದು ಯಾಕೆ ವಾಲುವುದಿಲ್ಲ? ಹೋಗಿ ಕೇಳು."

"ಕೇಳಿದರೆ ಹೇಳುತ್ತಾರೆಯೇ? ಯಾವ ಬಡಗಿ ಹೇಳುತ್ತಾನೆ ಗುರುಗಳೇ?"

ಮೂಡನಾಡಿನ ಪದ್ಧತಿ ಹಾಗಿತ್ತು. ದೋಣಿ ನೀರಿಗಿಳಿದ ದಿನವೇ, ಅದರ ಪಕ್ಕೆಲುಬಿನಂಥ ಬಾಗುಮರಗಳನ್ನು ಕೊರೆಯಲು ಅಳತೆಗೆ ಇಟ್ಟುಕೊಂಡ ಮರದ ಅಚ್ಚನ್ನು ಬಡಗಿ ತನ್ನ ಒಲೆಗೆ ಹಾಕುತ್ತಿದ್ದ. ಇನ್ನೊಬ್ಬನ ಕಣ್ಣಿಗೆ ಬೀಳಬಾರದಲ್ಲ. ಮುಂದಿನ ದೋಣಿಗೆ ಮತ್ತೆ ಮೊದಲಿನಿಂದ ಕಣ್ಣಳತೆ. ಮಹಾ ಜಾಣರು.

"ಕೇಳಿ ನೋಡು," ಎಂದರು ಗುರುಗಳು.

ಮಲ್ಲೋಜ ಹೊಳೆ ದಾಟಿದ. ಆಚೆಯವರ ಐಶ್ವರ್ಯ ಹತ್ತಿರದಿಂದ ನೋಡಿ ಅವನ ಹೊಟ್ಟೆ ಇನ್ನಷ್ಟು ಉರಿಯಿತು. ರೇವಿನ ಚಪ್ಪರದಡಿ ಅಚ್ಚುಗಳನ್ನು ಸಾಲಾಗಿ ತೂಗುಹಾಕಿದ್ದರು. ಬಡಗಿಗಳು ಬಂದು ಅಳೆದುಕೊಂಡು ಹೋಗುತ್ತಿದ್ದರು.

ಅಂಜುತ್ತಲೇ ಒಬ್ಬ ಮುದುಕ ಬಡಗಿಯನ್ನು ದೋಣಿ ವಾಲದಿರುವ ಗುಟ್ಟೇನೆಂದು ಕೇಳಿದ.

"ಮೂಡನಾಡಿನವನೇನಯ್ಯಾ? ಒಂದು ಅಚ್ಚು ತಗೊಂಡು ಹೋಗು," ಎಂದ ಮುದುಕ. "ನಾವು ಇನ್ನೊಂದು ಮಾಡಿಕೊಂಡರಾಯಿತು. ನೀನು ಅದನ್ನು ಎಲ್ಲಾದರೂ ತಿದ್ದಿ ಚೆನ್ನಾಗಿ ಮಾಡಿದರೆ ಮಾತ್ರ ಬಂದು ಹೇಳು."

ಎರಡು ತಿಂಗಳ ಮೇಲೆ, ಮಳೆಯ ನಡುವೆಯೇ ಮಲ್ಲೋಜ ಆಶ್ರಮಕ್ಕೆ ಬಂದ. ಮುಖ ಅರಳಿತ್ತು.

"ಗುರುಗಳೇ, ಭಾರ ಹೇರಿ ನೋಡಿದೆ, ದೋಣಿ ವಾಲಲಿಲ್ಲ. ಇನ್ನು ಪಡುನಾಡಿನವರು ನಮ್ಮನ್ನು ನೋಡಿ ಉರಿದುಕೊಳ್ಳಲಿ. ನಮ್ಮ ನಾಡು ಗೆದ್ದಿತೆಂದೇ ತಿಳಿಯಿರಿ."

"ಸಂತೋಷ. ವರ್ತಕರು ಬರುವಷ್ಟರಲ್ಲಿ ಎಷ್ಟು ದೋಣಿ ಆಗುತ್ತವೆ?"

"ನಾನೊಬ್ಬನೇ ಅಲ್ಲವೇ? ಇನ್ನೊಂದು ಆದೀತು. ಒಟ್ಟು ಎರಡು."

"ಮಿಕ್ಕ ಬಡಗಿಗಳು?"

ಮಲ್ಲೋಜ ದನಿ ತಗ್ಗಿಸಿದ. "ಅಚ್ಚನ್ನು ಯಾರಿಗೂ ತೋರಿಸಿಲ್ಲ. ಸುತ್ತ ಚಾಪೆ ಕಟ್ಟಿಕೊಂಡು ಕೆಲಸ ಮಾಡಿದೆ."

"ನಾಡು ಉಳಿಯಲಿ ಎಂದಲ್ಲವೇ ತಂದದ್ದು? ಅವರಿಗೂ ಕೊಡಪ್ಪಾ."

"ಕೊಡಬಹುದಿತ್ತು. ಆದರೆ ನಮ್ಮ ಹಿತ್ತಿಲ ಬೇಲಿಯಾಚೆಗೆ ಕೇತೋಜನ ಮನೆ. ಅವನ ಕೈ ನನಗಿಂತ ಚುರುಕು. ನಾನು ಒಂದು ಕಟ್ಟುವಷ್ಟರಲ್ಲಿ ಅವನು ಎರಡು ಕಟ್ಟುತ್ತಾನೆ. ಊರೆಲ್ಲ ಅವನನ್ನೇ ಹೊಗಳುತ್ತದೆ. ಅದನ್ನು ನೋಡುವುದಕ್ಕಿಂತ ಪಡುನಾಡಿನಲ್ಲಿ ಮೂಟೆ ಹೊರುವುದೇ ವಾಸಿ."



"ನಿನ್ನ ನಾಡು ಇಷ್ಟು ಚಿಕ್ಕದೆಂದು ನನಗೆ ಗೊತ್ತಿರಲಿಲ್ಲ ಮಲ್ಲೋಜ. ಹಿತ್ತಿಲ ಬೇಲಿಗೇ ಮುಗಿದುಹೋಯಿತಲ್ಲ."