ಹಿತ್ತಲಿನ ಎರಡು ಪಾಲು

ಕಪಿಲೆಯ ದಂಡೆಯಲ್ಲಿ ಒಂದು ಸಣ್ಣ ಮಠ. ಅಲ್ಲಿ ಒಬ್ಬ ಗುರು, ಇಬ್ಬರು ಶಿಷ್ಯರು, ಒಂದು ಹಸು, ಒಂದು ಕರು.

ಗುರುವಿಗೆ ಎಂಬತ್ತು ದಾಟಿತ್ತು. ಬೆಳಿಗ್ಗೆ ಪೂಜೆಗೆ ಮುಂಚೆ ಹಿತ್ತಲಿನಲ್ಲಿ ಬರಿಗಾಲಲ್ಲಿ ನೂರು ಹೆಜ್ಜೆ ನಡೆಯುವುದು ಅವರ ಪದ್ಧತಿ. ಆಗ ಅವರ ಕೈ ಹಿಡಿಯುತ್ತಿದ್ದವನು ಹಿರಿಯ ಶಿಷ್ಯ ಗುರುಮಲ್ಲ. ಹದಿನಾಲ್ಕು ವರ್ಷ ಹಿಡಿದಿದ್ದ.

ಒಂದು ದಿನ ಕೆಸರಿನಲ್ಲಿ ಗುರು ಜಾರಿದರು. ಅವರೊಂದಿಗೆ ಗುರುಮಲ್ಲನೂ ಜಾರಿದ. ಇಬ್ಬರನ್ನೂ ಎತ್ತಿದವನು ಕಿರಿಯ ಶಿಷ್ಯ ರಾಚಪ್ಪ. ಅವನು ಮಠಕ್ಕೆ ಬಂದು ಎಂಟು ತಿಂಗಳಾಗಿತ್ತಷ್ಟೆ.

ಮರುದಿನ ಗುರು ಕೈ ಚಾಚಿದ್ದು ರಾಚಪ್ಪನ ಕಡೆಗೆ.

"ನನ್ನ ಕೈ ಬೇಡವಾಯಿತಾ ಬುದ್ಧಿ?" ಗುರುಮಲ್ಲ ಕೇಳಿದ. ಗುರುವನ್ನು ಇಬ್ಬರೂ ಬುದ್ಧಿ ಎಂದೇ ಕರೆಯುತ್ತಿದ್ದರು.

"ಮೊಣಕೈ ತರಚಿಕೊಂಡಿದ್ದೀಯ. ವಾಸಿಯಾಗಲಿ."

ಮೊಣಕೈ ನಾಲ್ಕು ದಿನದಲ್ಲಿ ವಾಸಿಯಾಯಿತು. ಗುರುವಿನ ಕೈ ಮತ್ತೆ ಈ ಕಡೆ ಬರಲಿಲ್ಲ. ಗುರುಮಲ್ಲನಿಗೆ ಊಟ ಸೇರಲಿಲ್ಲ.

ಗುರು ಜಾರಿದ್ದನ್ನು ಕೇಳಿ ಭಕ್ತರೊಬ್ಬರು ಬಂದು, ಹಿತ್ತಲಿಗೆ ಏನಾದರೂ ಹಾಸಿಕೊಡುತ್ತೇನೆ, ಅದು ನನ್ನ ಸೇವೆಯಾಗಲಿ ಎಂದರು.

ಗುರು ಶಿಷ್ಯರನ್ನು ಕರೆದರು. "ಏನು ಹಾಸೋಣ?"

"ಕಾಂಕ್ರೀಟು," ಎಂದ ಗುರುಮಲ್ಲ. "ಒಂದು ಸಲ ಹಾಕಿದರೆ ನಮ್ಮ ಕಾಲಕ್ಕೂ ಆಯಿತು, ನಮ್ಮ ಮುಂದಿನವರ ಕಾಲಕ್ಕೂ ಆಯಿತು."

"ಬುದ್ಧಿಯವರಿಗೆ ಮಂಡಿ ನೋವು," ಎಂದ ರಾಚಪ್ಪ. "ಈಗ ಪ್ಲಾಸ್ಟಿಕ್ ಹುಲ್ಲಿನ ಹಾಸು ಬರ್ತದೆ. ಕಾಲಿಗೆ ಮೆತ್ತಗಿರ್ತದೆ. ಕೆಸರೂ ಆಗಲ್ಲ."

"ಮಠದಲ್ಲಿ ಪ್ಲಾಸ್ಟಿಕ್ ಹುಲ್ಲು! ನಾಳೆ ಪ್ಲಾಸ್ಟಿಕ್ ಬಿಲ್ವಪತ್ರೆ ತರ್ತೀಯಾ?"

"ಕಾಂಕ್ರೀಟೇನು ಗಿಡದಲ್ಲಿ ಬಿಡ್ತದಾ ಅಣ್ಣ?"

ಗುರು ನಕ್ಕರು. ಆ ನಗು ರಾಚಪ್ಪನ ಮಾತಿಗೆ ಬಂದದ್ದು. ಗುರುಮಲ್ಲ ಅದನ್ನು ಮರೆಯಲಿಲ್ಲ.

"ಅರ್ಧ ಅದು, ಅರ್ಧ ಇದು," ಎಂದರು ಗುರು. "ಹದಿನೈದು ದಿನ ಕಳೆಯಲಿ. ಯಾವುದು ಇರಬೇಕು ಅಂತ ಆಮೇಲೆ ಹೇಳುತ್ತೇನೆ."

ಯಾವುದು ಉಳಿಯುತ್ತದೋ ಅದನ್ನು ಹೇಳಿದವನ ಕೈಯನ್ನೇ ಗುರು ಹಿಡಿಯುತ್ತಾರೆ ಎಂದು ಗುರುಮಲ್ಲ ತೀರ್ಮಾನಿಸಿಕೊಂಡ. ಗುರು ಹಾಗೆ ಹೇಳಿರಲಿಲ್ಲ.

ಎರಡೂ ಕೆಲಸ ಒಂದೇ ದಿನ ಮುಗಿಯಿತು. ಕಾಂಕ್ರೀಟು ಹಾಕಿದ ಮೇಸ್ತ್ರಿ ಹೋಗುವಾಗ ಹೇಳಿದ: "ಹತ್ತು ದಿನ ಎರಡು ಹೊತ್ತೂ ನೀರು ಹಾಕಿ ಸ್ವಾಮಿ. ಒಣಗಲು ಬಿಟ್ಟರೆ ಬಿರುಕು ಬಿಡ್ತದೆ."

ಹುಲ್ಲಿಗೆ ನೀರು ಬೇಕಿರಲಿಲ್ಲ. ಮರುದಿನವೇ ಗುರು ಅದರ ಮೇಲೆ ನಡೆದರು, ರಾಚಪ್ಪನ ಕೈ ಹಿಡಿದು.

ಗುರುಮಲ್ಲ ಬಕೆಟ್ ಹಿಡಿದು ನಿಂತಿದ್ದ. ನೀರು ಹಾಕಲಿಲ್ಲ. ಅವರನ್ನೇ ನೋಡಿದ. ಗುರು ಎಲ್ಲಿ ನಿಂತರು, ರಾಚಪ್ಪನಿಗೆ ಏನು ಹೇಳಿದರು, ಅವನು ಯಾಕೆ ನಕ್ಕ. ಅವರು ಒಳಗೆ ಹೋಗುವಷ್ಟರಲ್ಲಿ ಬಿಸಿಲು ಏರಿತ್ತು. ಬಕೆಟ್ ತುಂಬಿದ್ದು ತುಂಬಿದ ಹಾಗೇ ಇತ್ತು.

ಮೂರನೆಯ ದಿನ ಕರು ಹಗ್ಗ ಬಿಡಿಸಿಕೊಂಡು ಬಂದು ಆ ಹುಲ್ಲಿಗೆ ಬಾಯಿ ಹಾಕಿತು. ಎಳೆಯಿತು. ಬರಲಿಲ್ಲ. ತಲೆ ಎತ್ತಿ ರಾಚಪ್ಪನ ಮುಖ ನೋಡಿತು.

"ನೋಡಿದಿರಾ ಬುದ್ಧಿ!" ಗುರುಮಲ್ಲ ಕೂಗಿದ. "ಕರುವಿಗೂ ಗೊತ್ತಾಯಿತು."

ಗುರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತ ಒರಗಿದ್ದು ರಾಚಪ್ಪನ ಹೆಗಲಿಗೆ.

"ಮಧ್ಯಾಹ್ನ ಆ ಹುಲ್ಲಿನ ಮೇಲೆ ಕಾಲಿಟ್ಟು ನೋಡಿ," ಎಂದ ಗುರುಮಲ್ಲ. "ದೋಸೆಕಲ್ಲು."

"ಮಧ್ಯಾಹ್ನ ನಾನು ಮಲಗಿರುತ್ತೇನೆ," ಎಂದರು ಗುರು.

ಅಂದು ಸಂಜೆಯೂ ಗುರುಮಲ್ಲ ನೀರು ಹಾಕಲಿಲ್ಲ.

ಐದನೆಯ ದಿನ ನೋಡಿದರೆ ರಾಚಪ್ಪ ಕಾಂಕ್ರೀಟಿಗೆ ನೀರು ಹಾಕುತ್ತಿದ್ದ. ಗುರುಮಲ್ಲ ಓಡಿಬಂದು ಬಿಂದಿಗೆ ಕಿತ್ತುಕೊಂಡ.

"ಯಾರು ಹೇಳಿದರು ನಿನಗೆ?"

"ಯಾರೂ ಹೇಳಲಿಲ್ಲ ಅಣ್ಣ. ಒಣಗ್ತಾ ಇತ್ತು."

"ಕೈ ಕಿತ್ತುಕೊಂಡದ್ದು ಸಾಲದಾ? ಇದೂ ಬೇಕಾ?"

ರಾಚಪ್ಪನಿಗೆ ಅರ್ಥವಾಗಲಿಲ್ಲ. "ಯಾವ ಕೈ ಅಣ್ಣ?"

"ನನ್ನ ಪಾಲಿಗೆ ಕಾಲಿಡಬೇಡ. ನಡಿ."

ರಾಚಪ್ಪ ಹೋದ.

ಒಂಬತ್ತನೆಯ ದಿನ ಗುರುಮಲ್ಲನ ಕಣ್ಣಿಗೆ ಒಂದು ಸಂಗತಿ ಬಿತ್ತು. ಹುಲ್ಲಿನ ಹಾಸು ಒಂದೇ ತುಂಡಲ್ಲ. ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಅಂಟಿನಿಂದ ಜೋಡಿಸಿದ್ದರು. ಮೂರನೆಯ ಜೋಡಣೆಯಲ್ಲಿ ಅಂಟು ಬಿಟ್ಟು ಅಂಚು ಎದ್ದಿತ್ತು. ಕಾಲಿನ ಹೆಬ್ಬೆರಳು ಸಿಕ್ಕಿಕೊಳ್ಳುವಷ್ಟು.

ಹೇಳಬೇಕೆಂದು ಬಾಯಿ ತೆರೆದ. ಆಗಲೇ ಗುರು ರಾಚಪ್ಪನಿಗೆ, "ಮಂಡಿ ಇವತ್ತು ಹಗುರವಾಗಿದೆ ಕಣಪ್ಪ," ಎಂದರು.

ಗುರುಮಲ್ಲ ಬಾಯಿ ಮುಚ್ಚಿದ.

ಆಮೇಲೆ ದಿನವೂ ಆ ಅಂಚನ್ನೇ ನೋಡಿದ. ಗುರುವಿನ ಕಾಲು ಅದರ ಹತ್ತಿರ ಬಂದಾಗ ಉಸಿರು ಬಿಗಿಹಿಡಿದ. ಕಾಲು ದಾಟಿಹೋದಾಗ ಸಮಾಧಾನವಾಗುತ್ತಿತ್ತು. ಅದರ ಹಿಂದೆಯೇ ನಿರಾಸೆಯೂ ಆಗುತ್ತಿತ್ತು.

ಹದಿನೈದನೆಯ ದಿನ ಗುರು ಮೊದಲು ಕಾಂಕ್ರೀಟಿನ ಮೇಲೆ ನಡೆದರು. ಆಮೇಲೆ ಹುಲ್ಲಿನ ಮೇಲೆ. ಬಂದು ಕಟ್ಟೆಯ ಮೇಲೆ ಕೂತು ಅಂಗಾಲು ಒರೆಸಿಕೊಂಡರು.

"ಹುಲ್ಲೇ ಇರಲಿ," ಎಂದರು. "ಕಾಂಕ್ರೀಟಿನ ಮೇಲೂ ಅದನ್ನೇ ಹಾಸಿ."

ಗುರುಮಲ್ಲ ಮುಂದೆ ನುಗ್ಗಿದ.

"ಅದು ಎದ್ದಿದೆ ಬುದ್ಧಿ! ಮೂರನೆಯ ಜೋಡಣೆ, ನೋಡಿ. ಕಾಲು ಸಿಕ್ಕಿದರೆ ಮುಗ್ಗರಿಸಿ ಬೀಳ್ತೀರಿ!"

ರಾಚಪ್ಪ ಹೋಗಿ ಬಗ್ಗಿ ಬೆರಳು ಹಾಕಿ ನೋಡಿದ.

"ಹೌದು ಬುದ್ಧಿ. ನನಗೆ ಕಾಣಲೇ ಇಲ್ಲ."

"ಯಾವತ್ತು ಎದ್ದಿತು?" ಗುರು ಕೇಳಿದರು.

"ಆರು ದಿನವಾಯಿತು," ಎಂದ ಗುರುಮಲ್ಲ, ಗೆದ್ದವನ ಹಾಗೆ.

ಹೇಳಿದ ಮೇಲೆ ತಾನು ಹೇಳಿದ್ದು ತನಗೇ ಕೇಳಿಸಿತು.

ಗುರು ತಮ್ಮ ಕಾಲಿನ ಹೆಬ್ಬೆರಳನ್ನು ನೋಡಿಕೊಂಡರು.

"ನಿನ್ನ ಕಾಂಕ್ರೀಟಿನಲ್ಲಿ ಬಿರುಕು ಎಷ್ಟು?"

ಗುರುಮಲ್ಲ ತಿರುಗಿ ನೋಡಿದ. ಬಿರುಕು ಬಿಟ್ಟದ್ದು ಗೊತ್ತಿತ್ತು. ಎಷ್ಟು ಎಂದು ಒಂದು ದಿನವೂ ನೋಡಿರಲಿಲ್ಲ.

"ಏಳು ಬುದ್ಧಿ," ಎಂದ ರಾಚಪ್ಪ, ನೆಲ ನೋಡುತ್ತ.

ಗುರುಮಲ್ಲ ಕುಸಿದು ಗುರುವಿನ ಪಾದ ಹಿಡಿದ. "ನಿಮ್ಮ ಕೈ ಹಿಡಿಯುವ ಯೋಗ್ಯತೆ ನನಗಿಲ್ಲ. ಇವನೇ ಹಿಡಿಯಲಿ."

ಗುರು ಪಾದ ಬಿಡಿಸಿಕೊಂಡು ಎದ್ದು ನಿಂತರು.

"ಅವನ ಅಂಚು ನೀನು ಅಂಟಿಸು. ನಿನ್ನ ಬಿರುಕು ಅವನು ಮುಚ್ಚಲಿ. ಅಲ್ಲಿಯವರೆಗೆ ನಾನು ಗೋಡೆ ಹಿಡಿದುಕೊಂಡು ನಡೆಯುತ್ತೇನೆ."